ಹುಕ್ ಹಾಕುವಷ್ಟು ಹೊತ್ತು

ಮೊಬೈಲ್ ಟವರ್ ಹತ್ತುವವರ ಎದೆಯ ಪಟ್ಟಿಯಿಂದ ಎರಡು ಗಿಡ್ಡ ಹಗ್ಗಗಳು ಇಳಿಬಿದ್ದಿರುತ್ತವೆ. ಎರಡರ ತುದಿಯಲ್ಲೂ ಅಗಲ ಬಾಯಿಯ ಒಂದೊಂದು ಹುಕ್. ನಮ್ಮ ಮಾತಿನಲ್ಲಿ ಇದು ಡಬಲ್ ಹುಕ್. ಒಂದನ್ನು ತಲೆಯ ಮೇಲಿನ ಕಬ್ಬಿಣಕ್ಕೆ ಸಿಕ್ಕಿಸಿ, ಎರಡು ಮೆಟ್ಟಿಲು ಏರಿ, ಇನ್ನೊಂದನ್ನು ಅದಕ್ಕೂ ಮೇಲೆ ಸಿಕ್ಕಿಸಿ, ಆಮೇಲೆ ಮಾತ್ರ ಕೆಳಗಿನದನ್ನು ಬಿಡಿಸಬೇಕು. ನೆಲ ಬಿಟ್ಟ ಗಳಿಗೆಯಿಂದ ಮತ್ತೆ ನೆಲ ಮುಟ್ಟುವ ತನಕ ಎರಡರಲ್ಲಿ ಒಂದು ಸದಾ ಟವರನ್ನು ಹಿಡಿದೇ ಇರಬೇಕು. 40 ಮೀಟರ್ ಟವರಿಗೆ ಇದನ್ನು ಚಾಚೂ ತಪ್ಪದೆ ಮಾಡಿದರೆ, ಹುಕ್ ಇಲ್ಲದೆ ಸರಸರ ಹತ್ತುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತಿಗೆ ದುಡ್ಡು ಕೊಡುವವರು ಯಾರು? ನನ್ನ ಕಸುಬಿನ ಎಲ್ಲ ಸಾವುನೋವಿನ ಪ್ರಶ್ನೆಯೂ ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತದೆ.

ನಾನು ಹಾವೇರಿ ಜಿಲ್ಲೆಯವನು. ಐಟಿಐ ಮುಗಿಸಿ ರಿಗ್ಗರ್ ಕೆಲಸಕ್ಕೆ ಸೇರಿದೆ. ಚಿತ್ರದುರ್ಗದ ಗಾಳಿಗುಡ್ಡಗಳ ಮೇಲೆ, ರಾಯಚೂರಿನ ಬಿಸಿಲಲ್ಲಿ, ಮಲೆನಾಡಿನ ಪಾಚಿ ಕಟ್ಟಿದ ಏಣಿಗಳ ಮೇಲೆ ಆಂಟೆನಾ ಕಟ್ಟಿದ್ದೇನೆ. ಈಗ ಹೊಸ ಹುಡುಗರಿಗೆ ಹತ್ತುವುದನ್ನು ಕಲಿಸುತ್ತೇನೆ. ತರಬೇತಿಯ ಮೊದಲ ದಿನವೇ ಯಾರಾದರೊಬ್ಬ ಕೇಳಿಯೇ ಕೇಳುತ್ತಾನೆ: "ಅಣ್ಣಾ, ಹಿಂಗ ಹುಕ್ ಹಾಕ್ಕೋತ ಹೋದ್ರ ದಿನಕ್ಕ ಒಂದ ಸೈಟ್ ಆಕ್ಕೈತಿ. ಎರಡ ಮಾಡ್ಲಿಲ್ಲಂದ್ರ ರೊಕ್ಕ ಯಾರ ಕೊಡ್ತಾರ?"

ಅವನು ಸೋಮಾರಿಯಲ್ಲ, ಹುಂಬನೂ ಅಲ್ಲ. ಲೆಕ್ಕ ಸರಿಯಾಗಿಯೇ ಹಾಕಿದ್ದಾನೆ. ಮೊಬೈಲ್ ಕಂಪನಿ ಕೆಲಸವನ್ನು ಒಬ್ಬ ವೆಂಡರ್‌ಗೆ ಕೊಡುತ್ತದೆ, ಟವರ್ ಮತ್ತೊಂದು ಕಂಪನಿಯದು. ವೆಂಡರ್ ಸಬ್ ವೆಂಡರ್‌ಗೆ, ಅವನು ಊರಿನ ಒಬ್ಬ ತಂಡದ ಮುಖಂಡನಿಗೆ, ಮುಖಂಡ ನಾಲ್ಕು ಹುಡುಗರಿಗೆ. ಪ್ರತಿ ಕೈಯಲ್ಲೂ ಸ್ವಲ್ಪ ಹಣ ಉಳಿದುಕೊಳ್ಳುತ್ತದೆ. ಕೊನೆಗೆ ಹುಡುಗರಿಗೆ ಬರುವುದು ಸೈಟಿಗೆ ಇಷ್ಟು ಎಂಬ ಮೊತ್ತ. ಹತ್ತುವ ಮುಂಚೆ ಮೈಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್, ಹೆಲ್ಮೆಟ್ ಹಾಕಿಕೊಂಡ ಫೋಟೊ ಕಳಿಸಿದರೆ ಪರ್ಮಿಟ್ ಬರುತ್ತದೆ. ಫೋಟೊ ತೆಗೆಯುವುದು ನೆಲದ ಮೇಲೆ. 30 ಮೀಟರ್ ಎತ್ತರದಲ್ಲಿ ಹುಕ್ ಎಲ್ಲಿದೆ ಎಂದು ನೋಡುವವರು ಯಾರೂ ಇರುವುದಿಲ್ಲ. ನಾನು ಕೆಲಸ ಮಾಡಿದ ಒಂದು ತಂಡದಲ್ಲಿ ಐದು ಜನರಿಗೆ ಎರಡೇ ಹಾರ್ನೆಸ್ ಇದ್ದವು. ಫೋಟೊದಲ್ಲಿ ಮಾತ್ರ ಐದೂ ಜನ ಹಾರ್ನೆಸ್ ತೊಟ್ಟಿರುತ್ತಿದ್ದರು, ಒಬ್ಬರಾದ ಮೇಲೆ ಒಬ್ಬರು.

ಇದು ನಮ್ಮಲ್ಲಷ್ಟೇ ಇರುವ ಕಥೆಯಲ್ಲ. ಅಮೆರಿಕದಲ್ಲಿ 2012ರಲ್ಲಿ ಪ್ರೊಪಬ್ಲಿಕಾ ಸುದ್ದಿಸಂಸ್ಥೆ ಮತ್ತು ಫ್ರಂಟ್‌ಲೈನ್ ಟಿವಿ ಕಾರ್ಯಕ್ರಮದವರು ಸೇರಿ ತನಿಖೆ ಮಾಡಿದಾಗ, 2003ರಿಂದ 2011ರ ನಡುವೆ ಮೊಬೈಲ್ ಸೈಟ್‌ಗಳಲ್ಲಿ ಕೆಲಸ ಮಾಡುತ್ತಾ 50 ಜನ ಸತ್ತಿದ್ದು ಹೊರಬಿತ್ತು. ಅಲ್ಲೂ ಗುತ್ತಿಗೆಯೊಳಗೆ ಗುತ್ತಿಗೆ. ಸತ್ತವರು ದೊಡ್ಡ ಕಂಪನಿಯ ನೌಕರರ ಪಟ್ಟಿಯಲ್ಲೇ ಇರುತ್ತಿರಲಿಲ್ಲ. 2013ರಲ್ಲಿ 13 ಜನ ಸತ್ತರು, ಹಿಂದಿನ ಎರಡು ವರ್ಷಗಳ ಸಾವು ಕೂಡಿಸಿದರೂ ಅಷ್ಟಾಗಿರಲಿಲ್ಲ. ಆಗ ಕೆಲಸದ ಸುರಕ್ಷತೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಓಶಾದ ಮುಖ್ಯಸ್ಥ ಡೇವಿಡ್ ಮೈಕೆಲ್ಸ್ ಟವರ್ ಕೆಲಸದ ಮಾಲೀಕರಿಗೆಲ್ಲ ನೇರ ಪತ್ರ ಬರೆದರು. ಅದೇ ಹೊತ್ತಿಗೆ, 2014ರ ಫೆಬ್ರುವರಿ 1ರಂದು, ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಟವರನ್ನು ಬಲಪಡಿಸಲು ಹತ್ತಿದ್ದ ಇಬ್ಬರು ಟವರ್ ಸಮೇತ ಬಿದ್ದು ಸತ್ತರು. ಉಳಿಸಲು ಬಂದ ಅಗ್ನಿಶಾಮಕ ಸ್ವಯಂಸೇವಕನೊಬ್ಬ ಪಕ್ಕದ ಟವರ್ ಕುಸಿದು ಸತ್ತ. ಹಳೆಯ ಓರೆಪಟ್ಟಿಗಳನ್ನು ಬಿಚ್ಚುವ ಮುಂಚೆ ತಾತ್ಕಾಲಿಕ ಆಸರೆ ಕಟ್ಟಿರಲಿಲ್ಲ ಎಂಬುದು ಓಶಾದ ಆರೋಪ. 5ಜಿ ಬಂದ ಮೇಲೆ ನಮ್ಮ ಟವರ್‌ಗಳ ಮೇಲೂ ಭಾರ ಏರಿದೆ, ಬಲಪಡಿಸುವ ಕೆಲಸವೂ ಹೆಚ್ಚಿದೆ. ಓರೆಪಟ್ಟಿಯ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮುಂಚೆ ನಾನು ಹುಡುಗರಿಗೆ ಕ್ಲಾರ್ಕ್ಸ್‌ಬರ್ಗ್ ಕಥೆಯನ್ನು ಪೂರ್ತಿ ಹೇಳುತ್ತೇನೆ. ಅಂಥ ಹೊತ್ತಿನಲ್ಲಿ ಎಂಥ ಹಾರ್ನೆಸ್ ಇದ್ದರೂ ಕಾಯುವುದಿಲ್ಲ.

ಹಾರ್ನೆಸ್ ಹೇಗೆ ಕಾಯುತ್ತದೆ, ಎಲ್ಲಿ ಕಾಯುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕು. ಹಿಂದೆಲ್ಲ ಸೊಂಟದ ಬೆಲ್ಟ್ ಇತ್ತು. ಬಿದ್ದ ಏಟೆಲ್ಲ ಹೊಟ್ಟೆ, ಬೆನ್ನುಮೂಳೆಯ ಮೇಲೇ ಬೀಳುತ್ತಿತ್ತು. ಕೆಲವೊಮ್ಮೆ ಮನುಷ್ಯ ಬೆಲ್ಟಿನಿಂದ ಜಾರಿಯೇ ಹೋಗುತ್ತಿದ್ದ. ಮೈತುಂಬ ಬಿಗಿಯುವ ಹಾರ್ನೆಸ್ ಆ ಏಟನ್ನು ತೊಡೆ, ಎದೆ, ಭುಜಗಳಿಗೆ ಹಂಚುತ್ತದೆ. ಹುಕ್ಕಿನ ಹಗ್ಗಕ್ಕೆ ಹೊಲಿದ ಒಂದು ಪುಟ್ಟ ಪೊಟ್ಟಣ ಇರುತ್ತದೆ, ಅದು ಶಾಕ್ ಅಬ್ಸಾರ್ಬರ್. ಬಿದ್ದಾಗ ಒಳಗಿನ ಹೊಲಿಗೆ ಹರಿಯುತ್ತಾ ಹೋಗಿ, ಮೈಮೇಲೆ ಬೀಳುವ ಜಗ್ಗು 6 ಕಿಲೊನ್ಯೂಟನ್, ಅಂದರೆ ಸುಮಾರು 600 ಕೆಜಿ ತೂಕದ ಎಳೆತ, ದಾಟದಂತೆ ತಡೆಯುತ್ತದೆ. ಒಮ್ಮೆ ಹೊಲಿಗೆ ಹರಿದರೆ ಆ ಹಗ್ಗದ ಕೆಲಸ ಮುಗಿಯಿತು, ಎಸೆಯಲೇಬೇಕು.

ಹುಕ್ ಎಲ್ಲಿ ಹಾಕಿದ್ದೀರಿ ಎಂಬುದೂ ಮುಖ್ಯ. ತಲೆಯ ಮೇಲೆ ಹಾಕಿದ್ದರೆ ಬೀಳುವುದು ಸ್ವಲ್ಪವೇ. ಕಾಲಿನ ಮಟ್ಟದಲ್ಲಿ ಹಾಕಿದ್ದರೆ, 1.8 ಮೀಟರ್ ಹಗ್ಗಕ್ಕೆ ಅದರ ಎರಡರಷ್ಟು ದೂರ ಬೀಳುತ್ತೀರಿ. ಹಗ್ಗ ಬಿಗಿಯುವ ಹೊತ್ತಿಗೆ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್ ಆಗಿರುತ್ತದೆ. ಹಗ್ಗದ ಉದ್ದ, ಹರಿದ ಹೊಲಿಗೆಯ ಉದ್ದ, ಮನುಷ್ಯನ ಉದ್ದ ಎಲ್ಲ ಕೂಡಿದರೆ ಕೆಳಗೆ ಆರು ಮೀಟರ್‌ನಷ್ಟು ಖಾಲಿ ಜಾಗ ಬೇಕು. ಮನೆಗಳ ತಾರಸಿಯ ಮೇಲಿನ ಗಿಡ್ಡ ಕಂಬಗಳಲ್ಲಿ ಅಷ್ಟು ಜಾಗ ಎಲ್ಲಿದೆ? "ಬರೀ ನಾಲ್ಕು ಮೀಟರ್ ಅಲ್ವಾ" ಎಂದು ಜನ ಸದರ ಮಾಡುವ ಜಾಗದಲ್ಲೇ ಹುಕ್ ಇದ್ದರೂ ತಲೆ ಕಾಂಕ್ರೀಟಿಗೆ ಬಡಿಯಬಹುದು. ಅಲ್ಲಿ ಬೇಕಾದದ್ದು ಬೀಳಲು ಬಿಡದ ಗಿಡ್ಡ ಹಗ್ಗ.

ನನ್ನನ್ನು ಕೇಳಿದರೆ, ಇದೆಲ್ಲಕ್ಕಿಂತ ದೊಡ್ಡ ಪರಿಹಾರ ಒಂದು ಉಕ್ಕಿನ ತಂತಿ. ಏಣಿಯ ಉದ್ದಕ್ಕೂ, ತುದಿಯಿಂದ ಬುಡದವರೆಗೆ ಬಿಗಿದ ತಂತಿಗೆ ಎದೆಯ ಕೊಂಡಿಯನ್ನು ಒಂದು ಜಾರುವ ಹಿಡಿಕೆಯ ಮೂಲಕ ಸೇರಿಸಿದರೆ, ಏರುವಾಗ ಅದು ಜೊತೆಗೇ ಬರುತ್ತದೆ. ಕಾಲು ಜಾರಿದ ಕೂಡಲೇ ಕಚ್ಚಿ ಹಿಡಿಯುತ್ತದೆ. ಹತ್ತುವವನು ಮಾಮೂಲಿ ವೇಗದಲ್ಲೇ ಹತ್ತಬಹುದು. ಸಮಯದ ಜಗಳವೇ ಹೊರಟುಹೋಗುತ್ತದೆ, ಡಬಲ್ ಹುಕ್ ಏಣಿ ಬಿಟ್ಟು ಆಚೆ ಸರಿಯುವಾಗ ಮಾತ್ರ ಬೇಕು. ಆದರೆ ಈ ತಂತಿ ಹಾಕಿಸುವುದು, ವರ್ಷವರ್ಷ ತಪಾಸಣೆ ಮಾಡಿಸುವುದು ಟವರ್ ಮಾಲೀಕರ ಕೈಯಲ್ಲಿದೆ. ತಂತಿಯೇ ಇಲ್ಲದ, ಇದ್ದರೂ ತುಕ್ಕು ಹಿಡಿದು ಹಿಡಿಕೆ ಜಾರದ ಟವರ್‌ಗಳನ್ನು ಹತ್ತಿ ಹತ್ತಿ ನಮಗೆ ಸಾಕಾಗಿದೆ.

ಹೆಜ್ಜೇನಿನ ವಿಷಯ ಹೇಳದಿದ್ದರೆ ನಮ್ಮ ಕಡೆಯ ಟವರ್‌ಗಳ ಮಾತು ಮುಗಿಯದು. ಪ್ಲಾಟ್‌ಫಾರ್ಮಿನ ಅಡಿಗೆ, ಆಂಟೆನಾದ ಬೆನ್ನಿಗೆ ಮೊರದಗಲ ತಟ್ಟಿ ಕಟ್ಟಿರುತ್ತವೆ. ಕೆಳಗಿನಿಂದ ನೋಡಿದರೆ ಕರೀ ಪೆಟ್ಟಿಗೆಯ ಹಾಗೆ ಕಾಣುವುದರಿಂದ ಹತ್ತಿರ ಹೋಗುವ ತನಕ ಗೊತ್ತಾಗದು. ಒಂದು ಎದ್ದರೆ ಎಲ್ಲವೂ ಏಳುತ್ತವೆ. ಆಗ ಕೈ ತಾನಾಗಿ ಮುಖ ಮುಚ್ಚಲು ಹೋಗುತ್ತದೆ, ಅಂದರೆ ಏಣಿ ಬಿಡುತ್ತದೆ. ಹುಕ್ ಇದ್ದವನು ಬೀಳುವುದಿಲ್ಲ. ಆದರೆ ಒಂದೊಂದೇ ಹುಕ್ ಬಿಡಿಸುತ್ತಾ ಇಳಿಯುವಷ್ಟರಲ್ಲಿ ಮೈಯೆಲ್ಲ ಮುಳ್ಳು. ಹಾಗಾಗಿ ಬುಡದಲ್ಲಿ ನಿಂತು ದುರ್ಬೀನಿನಿಂದ ನಾಲ್ಕೂ ದಿಕ್ಕು ನೋಡುವುದು ನನ್ನ ಪಾಠದಲ್ಲಿ ಹಾರ್ನೆಸ್‌ಗಿಂತ ಮೊದಲು ಬರುತ್ತದೆ. ತಟ್ಟಿ ಕಂಡರೆ ಆ ದಿನ ಹತ್ತುವಂತಿಲ್ಲ, ಸೈಟ್ ಡೌನ್ ಆಗಿದ್ದರೂ ಸರಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗಿಗೂ ಇದೇ ನಿಯಮ. ಆಂಟೆನಾದ ಮುಂದೆ ನಿಂತು ಕೆಲಸ ಮಾಡುವುದಿದ್ದರೆ ಆ ದಿಕ್ಕಿನ ಪ್ರಸಾರ (ಸೆಕ್ಟರ್) ಬಂದ್ ಮಾಡಿಸಿದ್ದು ಫೋನಿನಲ್ಲಿ ಖಾತ್ರಿಯಾಗಬೇಕು.

ಬಿದ್ದವನನ್ನು ಹಾರ್ನೆಸ್ ಹಿಡಿಯಿತು ಎನ್ನಿ. ಅಲ್ಲಿಗೆ ಅಪಾಯ ಮುಗಿಯಲಿಲ್ಲ. ಅಲುಗಾಡದೆ ನೇತಾಡುವವನ ಕಾಲುಗಳಲ್ಲಿ ರಕ್ತ ನಿಂತು, ಹೃದಯಕ್ಕೆ ವಾಪಸು ಬರುವುದು ಕಡಿಮೆಯಾಗುತ್ತದೆ. ಪ್ರಜ್ಞೆ ತಪ್ಪಲು ಕೆಲವೇ ನಿಮಿಷ ಸಾಕಾಗಬಹುದು. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ದಳ ಬರುವುದನ್ನು ಕಾಯುತ್ತಾ ಕೂರುವಂತಿಲ್ಲ. ಅದಕ್ಕೇ ಒಬ್ಬನೇ ಹತ್ತಬಾರದು. ಕೆಳಗೆ ಇಳಿಸುವ ಹಗ್ಗ, ರಾಟೆಯ ಕಿಟ್ ಸೈಟಿನಲ್ಲೇ ಇರಬೇಕು. ಅದನ್ನು ಬಳಸಿ ರೂಢಿಯಿರುವ ಇನ್ನೊಬ್ಬ ಬೇಕು. ಕಾಲು ಊರಲು ಹಾರ್ನೆಸ್ಸಿನಿಂದ ಇಳಿಬಿಡುವ ಪುಟ್ಟ ಪಟ್ಟಿಯ ಕುಣಿಕೆ ಇದ್ದರೆ, ನೇತಾಡುವವನೇ ಅದರ ಮೇಲೆ ನಿಂತು ಹೊತ್ತು ಗಳಿಸಬಹುದು. ಅದರ ಬೆಲೆ ತೀರಾ ಕಡಿಮೆ. ಆದರೂ ನಾನು ನೋಡಿದ ಹೆಚ್ಚಿನ ಹಾರ್ನೆಸ್‌ಗಳಲ್ಲಿ ಅದು ಇರಲಿಲ್ಲ.

ಇನ್ನು ಕಾನೂನು. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆಯ ವ್ಯಾಖ್ಯೆಯಲ್ಲೇ ದೂರವಾಣಿ, ವೈರ್‌ಲೆಸ್, ರೇಡಿಯೊ ಕೆಲಸಗಳು ಹೆಸರು ಹಿಡಿದು ಸೇರಿದ್ದವು, ದುರಸ್ತಿ ಕೂಡ. ಅಂದರೆ ರಿಗ್ಗರ್ ಕೂಡ ನಿರ್ಮಾಣ ಕಾರ್ಮಿಕನೇ. 18ರಿಂದ 60 ವಯಸ್ಸಿನವರು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್‌ಗೆ ಅರ್ಜಿ ಹಾಕಬಹುದು. ಅದು ಗಾರೆ ಕೆಲಸದವರಿಗೆ ಮಾತ್ರ ಎಂದು ನಮ್ಮ ಹುಡುಗರು ನಂಬಿಕೊಂಡಿದ್ದಾರೆ. ಈ ಕಾಯ್ದೆ ಈಗ 2020ರ ಸುರಕ್ಷತಾ ಸಂಹಿತೆಯೊಳಗೆ ಸೇರಿ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಮಾಲೀಕ ತನ್ನ ಕರ್ತವ್ಯ ಮೀರಿದ್ದರಿಂದ ಸಾವಾದರೆ ಎರಡು ವರ್ಷದವರೆಗೆ ಜೈಲು ಅಥವಾ ಕನಿಷ್ಠ 5 ಲಕ್ಷ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕಿಂತ ಕಡಿಮೆಯಾಗದಂತೆ ಸತ್ತವರ ಮನೆಯವರಿಗೆ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಒಳ್ಳೆಯದು. ಆದರೆ ನಿರ್ಮಾಣ ಕೆಲಸದ ಕಟ್ಟಳೆಗಳು ಅನ್ವಯಿಸಲು ಹತ್ತು ಜನ ಕಾರ್ಮಿಕರಿರಬೇಕು ಎಂಬ ಗೆರೆ ಇದೆ. ಸಬ್ ವೆಂಡರ್ ಪುಸ್ತಕದಲ್ಲಿ ನಾಲ್ಕೇ ಹೆಸರು ತೋರಿಸುತ್ತಾನೆ. ಕೆಲಸವನ್ನು ತುಂಡು ಮಾಡಿದಷ್ಟೂ ಕಾನೂನಿನ ಕೈಗೆ ಸಿಗುವವರು ಕಡಿಮೆ.

ಸಾವಾದಾಗ ಮನೆಯವರಿಗೆ ಹೇಳುವ ಮೊದಲ ಮಾತು, "ಹುಕ್ ಹಾಕಿರಲಿಲ್ಲ, ಅವನದೇ ತಪ್ಪು." ಹಳ್ಳಿಯ ತಂದೆತಾಯಿ ಇದನ್ನು ಕೇಳಿ ಸುಮ್ಮನಾಗುತ್ತಾರೆ, ಕೈಗಿತ್ತ ಹಣ ಹಿಡಿದು ಸಹಿ ಹಾಕುತ್ತಾರೆ. ಸಹಿ ಹಾಕಬೇಡಿ. 1923ರ ಪರಿಹಾರ ಕಾಯ್ದೆಯಲ್ಲಿದ್ದ, ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿರುವ ನಿಯಮ ಸ್ಪಷ್ಟವಾಗಿದೆ: ಕಾರ್ಮಿಕ ಸುರಕ್ಷತಾ ಸಲಕರಣೆ ಬಳಸಲಿಲ್ಲ ಎಂಬ ನೆಪ ಬೇರೆ ಗಾಯಗಳಿಗೆ ನಡೆದೀತು, ಸಾವಿಗೆ ನಡೆಯುವುದಿಲ್ಲ, ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೂ ನಡೆಯುವುದಿಲ್ಲ. ಗುತ್ತಿಗೆದಾರ ಕೈ ಎತ್ತಿದರೆ ಕೆಲಸ ಕೊಟ್ಟ ಮೂಲ ಮಾಲೀಕನಿಂದಲೇ ಕೇಳಬಹುದು. ಹಳೆಯ ಕಾಯ್ದೆಯ ಲೆಕ್ಕ ಹೀಗಿತ್ತು: ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಗುಣಕದಿಂದ ಗುಣಿಸುವುದು. 30 ವರ್ಷದವನಿಗೆ ಗುಣಕ 207.98. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದ ಕೂಲಿಯ ಮಿತಿ 15,000 ರೂಪಾಯಿ. ಅದರಂತೆ 15,59,850 ರೂಪಾಯಿ ಬರಬೇಕಿತ್ತು. ಇಎಸ್‌ಐ ಇದ್ದವರಾದರೆ ಇದರ ಬದಲು ಅವಲಂಬಿತರಿಗೆ ತಿಂಗಳ ಪಿಂಚಣಿ. ಇದನ್ನು ಪಡೆಯಲು ಕೆಲಸಕ್ಕಿದ್ದ ಎಂಬ ಪುರಾವೆ ಬೇಕು. ನೇಮಕಾತಿ ಪತ್ರ ಕೊಡುವುದು ಸುರಕ್ಷತಾ ಸಂಹಿತೆಯಲ್ಲಿ ಕಡ್ಡಾಯ, ಹುಡುಗರೇ, ಕೇಳಿ ಪಡೆಯಿರಿ. ಅದು ಸಿಗುವ ತನಕ ಪರ್ಮಿಟ್ಟಿನ ವಾಟ್ಸ್ಆ್ಯಪ್ ಸಂದೇಶ, ಕೂಲಿ ಬಿದ್ದ ಬ್ಯಾಂಕ್ ಖಾತೆಯ ದಾಖಲೆಗಳನ್ನು ಮನೆಯಲ್ಲಿ ಒಬ್ಬರ ಫೋನಿಗೂ ಕಳಿಸಿಡಿ.

ಟವರಿಗೆ ಜಾಗ ಬಾಡಿಗೆ ಕೊಟ್ಟ ರೈತರಿಗೂ ತಾರಸಿ ಕೊಟ್ಟ ಮನೆಯವರಿಗೂ ಒಂದು ಮಾತು. ಎಷ್ಟೋ ಕಡೆ ಗೇಟಿನ ಬೀಗದ ಕೈ ನಿಮ್ಮ ಹತ್ತಿರವೇ ಇರುತ್ತದೆ. ತಂಡ ಬಂದಾಗ ಎಷ್ಟು ಜನ, ಎಷ್ಟು ಹಾರ್ನೆಸ್ ಎಂದು ಕೇಳಿ. ಮೇಲೆ ಹತ್ತಿದವನ ಹುಕ್ ಟವರಿಗೆ ಸಿಕ್ಕಿದೆಯೋ ಇಲ್ಲವೋ ಎಂಬುದು ಕೆಳಗಿನಿಂದ ಬರಿಗಣ್ಣಿಗೇ ಕಾಣುತ್ತದೆ. ಸಿಕ್ಕಿಸಿಲ್ಲದಿದ್ದರೆ ಬೇಲಿಯ ಫಲಕದ ಮೇಲಿರುವ ನಂಬರಿಗೆ ಫೋನ್ ಮಾಡಿ, ಫಲಕದಲ್ಲಿ ಬರೆದಿರುವ ಸೈಟ್ ನಂಬರ್ ಹೇಳಿ, ಕೆಲಸ ನಿಲ್ಲಿಸಲು ಹೇಳಿ. ಸಬ್ ವೆಂಡರ್‌ನ ಹುಡುಗ ಆ ಫೋನ್ ಮಾಡಿದರೆ ಮರುದಿನ ಅವನಿಗೆ ಕೆಲಸ ಇರುವುದಿಲ್ಲ. ನಿಮಗೆ ಆ ಭಯವಿಲ್ಲ.