ಹುಲ್ಲುಹಾಸಿನಲ್ಲಿ ಹಾವಸೆ: ಮದ್ದಿಗಿಂತ ಮೊದಲು ಜಾಗ ನೋಡಿ

ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಮಗ್ಗುಲಲ್ಲಿರುವ ಜರಗನಹಳ್ಳಿ ಒಂದು ಕಾಲಕ್ಕೆ ಬೇಸಾಯದ ಊರು. ಇಂದು ಅಲ್ಲಿ ಹೊಲವಿದ್ದ ಕಡೆ ಮನೆಗಳಿವೆ. ಕೆಲವು ಮನೆಗಳ ಮುಂದೆ ಅಂಗೈಯಗಲದ ಹುಲ್ಲುಹಾಸೂ ಇದೆ. ಇಂಥ ಹುಲ್ಲನ್ನು ಬೆಳೆದು ಚದರ ಅಡಿ ಲೆಕ್ಕದಲ್ಲಿ ಮಾರುವವರು, ಹಾಸಿಕೊಡುವವರು ನಗರದ ಸುತ್ತಲಿನ ರೈತರೇ. ಮಳೆಗಾಲ ಕಳೆಯುವ ಹೊತ್ತಿಗೆ ಅವರಿಗೆ ಬರುವ ದೂರು ಸಾಮಾನ್ಯವಾಗಿ ಒಂದೇ: ಹುಲ್ಲು ಹೋಯಿತು, ಹಾವಸೆ ಬಂತು, ಹಣ ವಾಪಸು ಕೊಡಿ ಅಥವಾ ಬೇರೆ ಹುಲ್ಲು ಹಾಕಿ. ಬೇರೆ ಹುಲ್ಲು ಹಾಕಿದ್ದೂ ಆಗುತ್ತದೆ. ಮರುವರ್ಷ ಅದೂ ಹೋಗುತ್ತದೆ. ಕೊಂಡವರಿಗೆ ಎರಡು ಸಲ ಖರ್ಚು, ಮಾರಿದವರಿಗೆ ಕೆಟ್ಟ ಹೆಸರು.

ಹಾವಸೆ ಹುಲ್ಲನ್ನು ಕೊಲ್ಲುವುದಿಲ್ಲ. ಹುಲ್ಲು ಬಿಟ್ಟುಕೊಟ್ಟ ಜಾಗಕ್ಕೆ ಅದು ಬಂದು ಕೂರುತ್ತದೆ. ಇದಕ್ಕೆ ನಿಜವಾದ ಬೇರುಗಳಿಲ್ಲ. ಕೂದಲಿನಂಥ ಎಳೆಗಳಿಂದ ನೆಲವನ್ನು ಹಿಡಿದುಕೊಂಡು ನೀರನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಆದ್ದರಿಂದ ಹುಲ್ಲಿನ ಬೇರಿನೊಡನೆ ಗೊಬ್ಬರಕ್ಕಾಗಿ ಸ್ಪರ್ಧಿಸುವ ಪ್ರಶ್ನೆ ಇಲ್ಲವೆಂದೇ ಹೇಳಬಹುದು. ಬೇಸಿಗೆಯಲ್ಲಿ ಒಣಗಿ ಕಂದುಬಣ್ಣಕ್ಕೆ ತಿರುಗಿ ಸತ್ತಂತೆ ಕಾಣುತ್ತದೆ. ನಾಲ್ಕು ಹನಿ ಬಿದ್ದರೆ ಮತ್ತೆ ಹಸಿರು. ಧೂಳಿನಷ್ಟು ಸಣ್ಣ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆ ತೇಲುವುದರಿಂದ ಅದನ್ನು ನಿರ್ಮೂಲ ಮಾಡುತ್ತೇನೆಂದು ಹೊರಡುವುದು ವ್ಯರ್ಥ.

ಹಾವಸೆಯನ್ನೂ ಪಾಚಿಯನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಕೈಯಾಡಿಸಿದರೆ ಮಖಮಲ್ಲಿನಂತಿದ್ದು, ಹತ್ತಿರದಿಂದ ನೋಡಿದರೆ ಪುಟ್ಟ ಎಲೆಗಳು ಕಾಣುವುದು ಹಾವಸೆ. ಲೋಳೆಯಂತೆ ಜಾರುವ, ಕಪ್ಪು ಹಸಿರಿನ ಪೊರೆ ಪಾಚಿ. ಪಾಚಿ ಕಂಡರೆ ಅಲ್ಲಿ ನೀರು ನಿಲ್ಲುತ್ತಿದೆ ಎಂದು ತಿಳಿಯಿರಿ. ವಯಸ್ಸಾದವರು ಜಾರಿ ಬೀಳುವುದು ಹೆಚ್ಚಾಗಿ ಇದರ ಮೇಲೆಯೇ.

ಹುಲ್ಲು ಏಕೆ ಸೋಲುತ್ತದೆ?

ಮೊದಲ ಕಾರಣ ನೆರಳು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಕೊಂಚ ಉತ್ತರಕ್ಕಿರುತ್ತಾನೆ. ಮನೆಯ ಉತ್ತರ ದಿಕ್ಕಿನ ಪಟ್ಟಿಗೂ ಬಿಸಿಲು ಸಿಗುತ್ತದೆ. ಜೂನ್‌ನಲ್ಲಿ ಹಾಸಿದ ಹುಲ್ಲು ಚೆನ್ನಾಗಿ ಹಿಡಿಯುತ್ತದೆ, ಎಲ್ಲರಿಗೂ ಸಂತೋಷ. ಆಗಸ್ಟ್ ಕಳೆದ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಎರಡಂತಸ್ತಿನ ಮನೆಯ ನೆರಳು ಅದೇ ಪಟ್ಟಿಯ ಮೇಲೆ ಮಲಗುತ್ತದೆ. ನಮ್ಮಲ್ಲಿ ಹೆಚ್ಚು ಮಳೆ ಬೀಳುವುದೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿಯೇ. ಉತ್ತರೆ, ಹಸ್ತ, ಚಿತ್ತೆ ಮಳೆಗಳ ತೇವ, ಮೇಲೆ ನೆರಳು: ಹಾವಸೆಗೆ ಇದಕ್ಕಿಂತ ಬೇರೇನು ಬೇಕು? ವರ್ಷಕ್ಕೆ ಸರಾಸರಿ ಸಾವಿರ ಮಿ.ಮೀ.ಗೂ ಸ್ವಲ್ಪ ಕಡಿಮೆ ಮಳೆ ಕಾಣುವ ಈ ನಗರದಲ್ಲಿ 2017ರಲ್ಲಿ ಸುಮಾರು 1,700 ಮಿ.ಮೀ. ಬಿತ್ತು, 2022ರಲ್ಲಿ ಅದನ್ನೂ ಮೀರಿತು. ಅಂಥ ವರ್ಷಗಳಲ್ಲಿ ಹಾವಸೆಯ ಹಾವಳಿ ಹೆಚ್ಚಿದರೆ ಆಶ್ಚರ್ಯವಿಲ್ಲ.

ಎರಡನೆಯದು ಗಟ್ಟಿಯಾದ ನೆಲ. ಮನೆ ಕಟ್ಟುವಾಗ ಲಾರಿ ಓಡಾಡಿ, ಜಲ್ಲಿ ಸುರಿದು, ಸಿಮೆಂಟು ಕಲಸಿದ ಜಾಗದ ಮೇಲೆ ಎರಡಂಗುಲ ಕೆಮ್ಮಣ್ಣು ಹರಡಿ ಹುಲ್ಲು ಹಾಸಿದರೆ ಬೇರು ಕೆಳಗಿಳಿಯುವುದಾದರೂ ಹೇಗೆ? ಹುಲ್ಲಿನ ಹಾಳೆಯೊಡನೆ ಬರುವ ಜಿಗುಟು ಮಣ್ಣು ನೀರನ್ನು ಇನ್ನಷ್ಟು ತಡೆಯುತ್ತದೆ. ಪರೀಕ್ಷೆ ಸುಲಭ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿರಿ. ಎರಡನೆಯ ಸಲ ಗಂಟೆಗೆ ಒಂದಂಗುಲವಾದರೂ ಇಳಿಯದಿದ್ದರೆ ಅಲ್ಲಿ ಬಸಿಯುವಿಕೆ ಸಾಲದು. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನುಳಿದವು ಮನೆಯವರ ಅಭ್ಯಾಸಗಳು: ಮಳೆಗಾಲದಲ್ಲಿಯೂ ಸಂಜೆ ನೀರು ಬಿಡುವುದು, ಹುಲ್ಲನ್ನು ಬುಡಮಟ್ಟ ಕತ್ತರಿಸುವುದು. ಹುಲ್ಲು ಒಂದೂವರೆ ಅಂಗುಲವಾದರೂ ಇರಲಿ, ನೆರಳಿದ್ದರೆ ಎರಡಂಗುಲ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು.

ಕೆಲಸದ ಕಾಲ

ಪಾಶ್ಚಾತ್ಯ ಪುಸ್ತಕಗಳಲ್ಲಿ ಹಾವಸೆಯನ್ನು ಕೆರೆದು ಹುಲ್ಲು ಬಿತ್ತಲು ಶರತ್ಕಾಲವನ್ನು ಹೇಳಿರುತ್ತಾರೆ. ಅದು ಚಳಿನಾಡಿನ ಹುಲ್ಲಿಗೆ ಸರಿ. ನಮ್ಮ ಗರಿಕೆ, ಕೊರಿಯನ್ ಹುಲ್ಲುಗಳು ಬಿಸಿಲುನಾಡಿನವು. ಡಿಸೆಂಬರ್, ಜನವರಿಯ ಚಳಿಯಲ್ಲಿ ಅವುಗಳ ಬೆಳವಣಿಗೆ ಕುಗ್ಗುತ್ತದೆ. ಆದ್ದರಿಂದ ಮಾರ್ಚ್‌ನಲ್ಲಿ ಹಾವಸೆ ಒಣಗಿದಾಗ ಕಬ್ಬಿಣದ ಹಲ್ಲಿನ ರೇಕಿನಿಂದ ಕೆರೆದು ತೆಗೆಯಿರಿ. ಭರಣಿ ಮಳೆಗೆ ನೆಲ ಹದವಾದೊಡನೆ ಮೊನಚಾದ ಸಲಾಕೆಯಿಂದ ಗೇಣಿಗೊಂದರಂತೆ ನಾಲ್ಕಂಗುಲ ಆಳಕ್ಕೆ ಚುಚ್ಚಿ, ಎರಡು ಪಾಲು ಮರಳು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರವನ್ನು ಬೆರೆಸಿ ಕಾಲಂಗುಲ ಹರಡಿ, ತೂತುಗಳೊಳಗೆ ಗುಡಿಸಿ. ಬರಿದಾದ ಕಡೆ ಹುಲ್ಲಿನ ಕುಡಿಗಳನ್ನು ನಾಟಿ ಮಾಡಿ. ಮಳೆ ಬಲಿಯುವ ಮೊದಲೇ ಮರದ ಕೆಳಗಿನ ಕೊಂಬೆಗಳನ್ನು ಸವರಿ.

ಮದ್ದಿನ ವಿಚಾರ

ಹಾವಸೆ ಕಂಡೊಡನೆ ಸುಣ್ಣ ಚೆಲ್ಲುವವರಿದ್ದಾರೆ. ಹಾವಸೆ ಎಂದರೆ ಹುಳಿಮಣ್ಣು ಎಂಬ ನಂಬಿಕೆ ಇದಕ್ಕೆ ಕಾರಣ. ಸಿಮೆಂಟಿನ ಕಾಂಪೌಂಡ್ ಗೋಡೆಯ ಮೇಲೂ ಹಾವಸೆ ಬೆಳೆಯುವುದನ್ನು ಅವರು ಗಮನಿಸಿದಂತಿಲ್ಲ! ಕಟ್ಟಡದ ಕಸ ಸೇರಿದ ಮಣ್ಣು ಮೊದಲೇ ಕ್ಷಾರವಾಗಿರಬಹುದು. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿ. ಮೈಲುತುತ್ತವಂತೂ ಬೇಡ. ತಾಮ್ರ ಮಣ್ಣಿನಲ್ಲಿ ಉಳಿದು ಎರೆಹುಳುಗಳಿಗೆ ವಿಷವಾಗುತ್ತದೆ. ಮಳೆನೀರಿನೊಡನೆ ಚರಂಡಿ ಸೇರಿ ಸಾರಕ್ಕಿ ಕೆರೆಯಂಥ ಕೆರೆಗೆ ಹರಿದರೆ ಮೀನಿಗೂ ಕೇಡು.

ಹಾಕಲೇಬೇಕೆಂದರೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಸಾಕು. 100 ಚದರ ಅಡಿಗೆ 50 ಗ್ರಾಂ ಅನ್ನಭೇದಿಯನ್ನು 5 ಲೀಟರ್ ನೀರಿನಲ್ಲಿ ಕರಗಿಸಿ, ಮಳೆ ಬಿಡುವು ಕೊಟ್ಟ ದಿನ ಹಾವಸೆಯ ಮೇಲೆ ಚಿಮುಕಿಸಿ. ಕೆಲವೇ ದಿನಗಳಲ್ಲಿ ಅದು ಕಪ್ಪಾಗುತ್ತದೆ. ಆಗ ಕೆರೆದು ತೆಗೆಯಿರಿ. ಗ್ರಾನೈಟು, ಸಿಮೆಂಟಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ. ನೆರಳು, ನೀರು ಹಾಗೆಯೇ ಇದ್ದರೆ ಹಾವಸೆ ಮತ್ತೆ ಬರುವುದು ಖಂಡಿತ.

ಹುಲ್ಲು ಮಾರುವವರಿಗೆ ಒಂದು ಮಾತು. ದರ ಹೇಳುವ ಮೊದಲು ಜಾಗಕ್ಕೆ ಹೋಗಿ ದಕ್ಷಿಣದ ಗೋಡೆಯ ಎತ್ತರ ನೋಡಿ. ಅಕ್ಟೋಬರಿನಲ್ಲಿ ಐದಾರು ಗಂಟೆ ಬಿಸಿಲು ಸಿಗದ ಕಡೆ ಗರಿಕೆಯ ಮಾತೇ ಬೇಡ. ಅರೆನೆರಳಾದರೆ ಅಗಲ ಎಲೆಯ ಬಫೆಲೋ ಹುಲ್ಲು ಕೊಂಚ ತಾಳಿಕೊಳ್ಳುತ್ತದೆ. ಪೂರ್ಣ ನೆರಳಿದ್ದರೆ ಜರೀಗಿಡ, ಮೊಂಡೋ ಹುಲ್ಲು ಅಥವಾ ಚಪ್ಪಡಿ ಕಲ್ಲು ಸೂಚಿಸಿ. ಓಡಾಟವಿಲ್ಲದ ಮೂಲೆಯಾದರೆ ಹಾವಸೆಯನ್ನೇ ಬಿಡಬಹುದು. ಜಪಾನಿನ ಕ್ಯೋಟೋ ನಗರದ ಸೈಹೋಜಿ ದೇವಾಲಯದ ತೋಟದಲ್ಲಿ ಹಾವಸೆಯೇ ನೆಲಹಾಸು, ಅದನ್ನು ನೋಡಲೆಂದೇ ಜನ ಬರುತ್ತಾರೆ. ಏನೇ ಸೂಚಿಸಿದರೂ, ಎಷ್ಟು ಗಂಟೆ ಬಿಸಿಲು ಬೇಕೆಂಬುದನ್ನು ರಸೀದಿಯ ಮೇಲೆಯೇ ಬರೆದುಕೊಡಿ.