ಲೇಹ್: ಮೊದಲೆರಡು ದಿನ ಸುಮ್ಮನಿರಬೇಕಾದ ಊರು

ಲಡಾಖಿನ ಮುಖ್ಯ ಪಟ್ಟಣವಾದ ಲೇಹ್ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅದರ ನೆತ್ತಿಯ ಮೇಲೆ ನಿಂತವರೂ ಲೇಹ್‌ನ ತರಕಾರಿ ಮಾರುವ ಹೆಂಗಸು ಕೂತಿರುವ ಎತ್ತರದ ಅರ್ಧಕ್ಕಿಂತ ತುಸು ಮೇಲಷ್ಟೇ ಏರಿರುತ್ತಾರೆ. ಈ ಊರಿಗೆ ಹೋಗುವವರು ಮಾಡಿಕೊಳ್ಳಬೇಕಾದ ಸಿದ್ಧತೆಯೆಲ್ಲ ಈ ಒಂದು ಅಂಕಿಯಿಂದಲೇ ಹುಟ್ಟುತ್ತದೆ. ಯಾವ ದಾರಿಯಲ್ಲಿ ಹೋಗಬೇಕು, ಮೊದಲು ಏನು ನೋಡಬೇಕು, ಎಲ್ಲಿ ಮಲಗಬೇಕು ಎಂಬುದನ್ನು ಇಲ್ಲಿ ಪ್ರವಾಸಿಗರ ಉತ್ಸಾಹ ತೀರ್ಮಾನಿಸುವುದಿಲ್ಲ, ಎತ್ತರ ತೀರ್ಮಾನಿಸುತ್ತದೆ.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಅದು ಅಷ್ಟು ಸರಿಯಲ್ಲ. ಲೇಹ್‌ನ ಗಾಳಿಯಲ್ಲೂ ಆಮ್ಲಜನಕದ ಪಾಲು ಮಂಗಳೂರಿನಲ್ಲಿರುವಂತೆ ಶೇಕಡ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಕಡಲತೀರದ ಮೂರನೇ ಎರಡರಷ್ಟು ಮಾತ್ರ. ಹಾಗಾಗಿ ಒಂದೊಂದು ಉಸಿರಿನಲ್ಲೂ ಒಳಹೋಗುವ ಆಮ್ಲಜನಕ ಆ ಪ್ರಮಾಣದಲ್ಲೇ ಇಳಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು: ಉಸಿರಾಟ ಆಳವಾಗುತ್ತದೆ, ನಾಡಿ ಚುರುಕಾಗುತ್ತದೆ, ದಿನಗಳು ಕಳೆದಂತೆ ರಕ್ತವೂ ಬದಲಾಗುತ್ತದೆ. ಆದರೆ ಅದಕ್ಕೆ ಸಮಯ ಬೇಕು. ಬೆಳಿಗ್ಗೆ ದೆಹಲಿಯಲ್ಲಿ ವಿಮಾನ ಹತ್ತಿ ಒಂದೂವರೆ ಗಂಟೆಯೊಳಗೆ ಲೇಹ್‌ನಲ್ಲಿ ಇಳಿದವರ ದೇಹಕ್ಕೆ ಆ ಸಮಯ ಸಿಕ್ಕಿರುವುದೇ ಇಲ್ಲ.

ಇದರ ಫಲವೇ ಎತ್ತರದ ಕಾಯಿಲೆ. ತಲೆನೋವು, ಹಸಿವಾಗದಿರುವುದು, ವಾಕರಿಕೆ, ಸುಸ್ತು, ನಿದ್ದೆ ಹತ್ತದಿರುವುದು ಅದರ ಲಕ್ಷಣಗಳು. ಇವು ಇಳಿದ ಕೂಡಲೇ ಕಾಣುವುದಿಲ್ಲ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆಗಳ ನಂತರ ಶುರುವಾಗುತ್ತವೆ. ಮೋಸಹೋಗುವುದು ಇಲ್ಲಿಯೇ. ಬೆಳಿಗ್ಗೆ ಎಂಟಕ್ಕೆ ಇಳಿದವರಿಗೆ ಮಧ್ಯಾಹ್ನದವರೆಗೂ ಮೈ ಹಗುರವಾಗಿಯೇ ಇರುತ್ತದೆ. ತಮಗೇನೂ ಆಗಿಲ್ಲವೆಂದು ಊರು ಸುತ್ತಿ, ಮೆಟ್ಟಿಲು ಹತ್ತಿ, ರಾತ್ರಿ ತಲೆ ಹಿಡಿದುಕೊಂಡು ಕೂರುತ್ತಾರೆ. ಗಟ್ಟಿಮುಟ್ಟಾದ ಯುವಕರು ಇದರಿಂದ ಪಾರು ಎಂಬ ನಂಬಿಕೆಗೂ ಆಧಾರವಿಲ್ಲ. ದಿನವೂ ಓಡುವವರಿಗೂ ಬರಬಹುದು, ಜೊತೆಗೆ ಬಂದ ಅಜ್ಜಿಗೆ ಬಾರದಿರಬಹುದು. ತಮ್ಮ ಶಕ್ತಿಯನ್ನು ನಂಬಿ ಅವಸರ ಮಾಡುವ ಯುವಕರೇ ಹೆಚ್ಚಾಗಿ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ ಎಂದರೂ ತಪ್ಪಿಲ್ಲ.

ಆದ್ದರಿಂದ ವಿಮಾನದಲ್ಲಿ ಬಂದವರು ಮೊದಲ ಎರಡು ದಿನ ಹೆಚ್ಚಿಗೆ ಏನನ್ನೂ ಮಾಡಬಾರದು. ಮೊದಲ ದಿನ ಕೋಣೆಯಲ್ಲಿ ವಿಶ್ರಾಂತಿ, ಎರಡನೆಯ ದಿನ ಸಮತಟ್ಟಾದ ಬೀದಿಗಳಲ್ಲಿ ನಿಧಾನ ನಡಿಗೆ. ನೀರು ಬಾಯಾರಿಕೆಗೆ ತಕ್ಕಂತೆ ಕುಡಿದರೆ ಸಾಕು. ಕೊಡಗಟ್ಟಲೆ ಕುಡಿದರೆ ಕಾಯಿಲೆ ತಪ್ಪುವುದಿಲ್ಲ. ಮದ್ಯ ಮತ್ತು ನಿದ್ರೆಮಾತ್ರೆಗಳು ರಾತ್ರಿಯ ಉಸಿರಾಟವನ್ನು ಕುಗ್ಗಿಸುತ್ತವೆ, ಅವನ್ನು ದೂರವಿಡಬೇಕು. ಹಸಿವಿಲ್ಲದಾಗ ಗಂಜಿ, ಸೂಪು, ಊರಿನಿಂದ ಕಟ್ಟಿ ತಂದ ಅವಲಕ್ಕಿಯಂಥ ಹಗುರ ತಿನಿಸು ಸೇರುತ್ತದೆ. ಹೊಂದಿಕೊಳ್ಳುವುದನ್ನು ಚುರುಕುಗೊಳಿಸಲು ಅಸಿಟಜೋಲಮೈಡ್ ಮಾತ್ರೆಯಿದೆ. ಅಂಗಡಿಗಳಲ್ಲಿ ಡೈಮಾಕ್ಸ್ ಎಂದೇ ಕೇಳುತ್ತಾರೆ. ಇದನ್ನು ಹೊರಡುವ ಮೊದಲೇ ವೈದ್ಯರನ್ನು ಕಂಡು ತೆಗೆದುಕೊಳ್ಳಬೇಕು. ಸಲ್ಫಾ ಔಷಧಗಳ ಅಲರ್ಜಿ ಇರುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು, ಗರ್ಭಿಣಿಯರು ಟಿಕೆಟ್ ತೆಗೆಸುವ ಮೊದಲೇ ವೈದ್ಯರ ಬಳಿ ಹೋಗುವುದು ಕ್ಷೇಮ.

ತಲೆನೋವು ವಿಶ್ರಾಂತಿಯಿಂದ ಇಳಿದರೆ ಭಯವಿಲ್ಲ. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಎದೆಯಲ್ಲಿ ಗುಳುಗುಳು ಸದ್ದು ಕಂಡರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದು ಅರ್ಥ. ನಡೆಯುವಾಗ ಕುಡಿದವರಂತೆ ಹೆಜ್ಜೆ ತಪ್ಪುವುದು, ಮಾತು ತೊದಲುವುದು, ಗೊಂದಲಕ್ಕೆ ಬೀಳುವುದು ಮೆದುಳಿನ ಊತದ ಸೂಚನೆ. ಎರಡೂ ಜೀವಕ್ಕೆ ಎರವಾಗುವಂಥವು. ಆಮ್ಲಜನಕ ಕೊಡುವುದು, ತಡಮಾಡದೆ ಕೆಳಗಿನ ಎತ್ತರಕ್ಕೆ ಇಳಿಸುವುದು ಇದಕ್ಕೆ ಚಿಕಿತ್ಸೆ. ಲೇಹ್‌ನ ಸರ್ಕಾರಿ ಆಸ್ಪತ್ರೆಯಾದ ಸೋನಂ ನೋರ್ಬು ಸ್ಮಾರಕ ಆಸ್ಪತ್ರೆಯ ವೈದ್ಯರು ಇಂಥ ರೋಗಿಗಳನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತಾರೆ. ಬೆಳಗಾಗಲಿ ನೋಡೋಣ ಎಂದು ಕಾಯುವಂಥ ಕಾಯಿಲೆ ಇದಲ್ಲ.

ರಸ್ತೆಯಲ್ಲಿ ಬರುವವರಿಗೆ ಎರಡು ದಾರಿಗಳಿವೆ. ಶ್ರೀನಗರದಿಂದ ಸುಮಾರು 420 ಕಿಲೋಮೀಟರ್, ಮನಾಲಿಯಿಂದಲೂ ಹೆಚ್ಚುಕಡಿಮೆ ಅಷ್ಟೇ. ದೂರ ಒಂದೇ ಆದರೂ ದೇಹದ ಪಾಲಿಗೆ ಎರಡೂ ಒಂದೇ ಅಲ್ಲ. ಶ್ರೀನಗರ 1,600 ಮೀಟರ್‌ಗೆ ತುಸು ಕೆಳಗಿದೆ. ಜೋಜಿಲಾ ಘಾಟಿ ದಾಟಿ ದ್ರಾಸ್ ಮೂಲಕ ಸಾಗಿ ಕಾರ್ಗಿಲ್‌ನಲ್ಲಿ ರಾತ್ರಿ ತಂಗಿದರೆ ಮಲಗುವ ಎತ್ತರ 2,700 ಮೀಟರ್ ಮುಟ್ಟುವುದಿಲ್ಲ. ಮರುದಿನ 4,108 ಮೀಟರಿನ ಫೋಟುಲಾ ಹತ್ತಿ ಇಳಿದು ಲೇಹ್ ಸೇರುವ ಹೊತ್ತಿಗೆ ದೇಹ ಅರ್ಧ ಪಾಠ ಕಲಿತಿರುತ್ತದೆ. ಮನಾಲಿ ದಾರಿ ಇದಕ್ಕಿಂತ ಒರಟು. 2020ರ ಅಕ್ಟೋಬರ್‌ನಲ್ಲಿ ತೆರೆದ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದಾಗಿ ರೋಹ್ತಾಂಗ್ ಘಾಟಿಯ ಕಷ್ಟ ತಪ್ಪಿದೆ. ಆದರೆ ಮುಂದೆ ಬಾರಾಲಾಚಾ, ಲಾಚುಲುಂಗ್, ತಂಗ್ಲಾಂಗ್ ಘಾಟಿಗಳಿವೆ; ತಂಗ್ಲಾಂಗ್‌ಲಾ 5,300 ಮೀಟರ್ ಮೀರುತ್ತದೆ. ನಡುದಾರಿಯ ಡೇರೆಗಳಿರುವ ಸರ್ಚು ಸುಮಾರು 4,300 ಮೀಟರ್, ಎಂದರೆ ಲೇಹ್‌ಗಿಂತಲೂ ಎತ್ತರ. ಮನಾಲಿಯಿಂದ ಹೊರಟು ಮೊದಲ ರಾತ್ರಿಯೇ ಸರ್ಚುವಿನಲ್ಲಿ ಮಲಗಿದವರು ಆ ರಾತ್ರಿಯನ್ನು ಮರೆಯುವುದಿಲ್ಲ. ಜಿಸ್ಪಾ ಅಥವಾ ಕೇಲಾಂಗ್‌ನಲ್ಲಿ ತಂಗಿ ಹೋಗುವುದು ಜಾಣತನ. ಈ ದಾರಿಯಲ್ಲಿ ಹೋಗುವ ಬೈಕು, ಕಾರುಗಳಿಗೆ ಕೇಲಾಂಗ್ ಸಮೀಪದ ತಾಂಡಿಯಲ್ಲಿ ಟ್ಯಾಂಕ್ ತುಂಬಿಸುವುದು ವಾಡಿಕೆ, ಏಕೆಂದರೆ ಅಲ್ಲಿಂದಾಚೆ ಪೆಟ್ರೋಲ್ ಬಂಕ್ ನಂಬಿ ಹೊರಡುವಂತಿಲ್ಲ. ಒಟ್ಟಿನಲ್ಲಿ ಶ್ರೀನಗರದಿಂದ ಬಂದು ಮನಾಲಿ ಕಡೆ ಇಳಿಯುವುದು ಸರಿಯಾದ ಕ್ರಮ. ಬೆಂಗಳೂರಿನಿಂದ ಬೈಕಿನಲ್ಲೇ ಹೊರಡುವ ತಂಡಗಳಿಗೂ ಇದೇ ಅನ್ವಯಿಸುತ್ತದೆ.

ಕಾಲದ ವಿಷಯ ಸರಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆಗಳು ತೆರೆದಿರುತ್ತವೆ, ಹಗಲು ಹಿತವಾಗಿರುತ್ತದೆ. ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿಳಿಯುವುದುಂಟು. ನಲ್ಲಿ ನೀರು ಹೆಪ್ಪುಗಟ್ಟುತ್ತದೆ, ಬಹಳಷ್ಟು ಹೋಟೆಲ್‌ಗಳು ಬಾಗಿಲು ಹಾಕುತ್ತವೆ. ಹಿಮಾಲಯದ ಮಳೆನೆರಳಿನಲ್ಲಿರುವ ಲೇಹ್‌ಗೆ ವರ್ಷಕ್ಕೆ ಬೀಳುವ ಮಳೆ ಸುಮಾರು ನೂರು ಮಿಲಿಮೀಟರ್, ಆಗುಂಬೆಯಲ್ಲಿ ಒಂದೇ ದಿನಕ್ಕೆ ಸುರಿಯಬಹುದಾದಷ್ಟು. ಹಾಗೆಂದು ಮಳೆಯನ್ನು ಹಗುರವಾಗಿ ಕಾಣುವಂತಿಲ್ಲ. 2010ರ ಆಗಸ್ಟ್ 5ರ ನಡುರಾತ್ರಿಯ ಮೇಘಸ್ಫೋಟದಲ್ಲಿ ಬೆಟ್ಟದ ಕೆಸರು ಊರಿನ ಮೇಲೆ ಹರಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮರಗಿಡಗಳಿಲ್ಲದ ಬೋಳು ಬೆಟ್ಟ ನೀರನ್ನು ಹಿಡಿದಿಡುವುದಿಲ್ಲ. ಮಳೆ ಬಂದ ದಿನ ಒಣಹಳ್ಳಗಳ ಪಕ್ಕ ಡೇರೆ ಹಾಕಬಾರದು. ಬಿಸಿಲಿನಲ್ಲಿ ಬೆವರು, ನೆರಳಿಗೆ ಸರಿದರೆ ಚಳಿ ಎಂಬ ಹವೆಗೆ ದಪ್ಪನೆಯ ಒಂದೇ ಕೋಟಿಗಿಂತ ಕಳಚಿ ತೊಡಬಹುದಾದ ಎರಡು ಮೂರು ತೆಳು ಉಡುಪುಗಳು ಅನುಕೂಲ. ತಂಪು ಕನ್ನಡಕ, ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಮುಲಾಮು ಮರೆಯಬಾರದು.

ಸುಮ್ಮನಿರಬೇಕಾದ ದಿನಗಳಿಗೆ ಊರೇ ತಕ್ಕ ಜಾಗ. ಮುಖ್ಯ ಬಜಾರಿನಲ್ಲಿ ವಾಹನಗಳ ಕಾಟವಿಲ್ಲ. ಬೀದಿಯಂಚಿನಲ್ಲಿ ಲಡಾಖಿ ಹೆಂಗಸರು ಸೊಪ್ಪು, ಗೆಡ್ಡೆ, ಒಣ ಜರ್ದಾಳು ಹರವಿಕೊಂಡು ಕೂತಿರುತ್ತಾರೆ. ಬಜಾರಿನ ತಲೆಯಲ್ಲಿ ಹದಿನೇಳನೆಯ ಶತಮಾನದ ಜಾಮಿಯಾ ಮಸೀದಿ, ಅದರ ಹಿಂದಿನ ಓಣಿಯಲ್ಲಿ ತಂದೂರಿನ ರೊಟ್ಟಿ ಅಂಗಡಿಗಳು. ಲಡಾಖಿನ ದಪ್ಪ ಗೋಧಿರೊಟ್ಟಿಗೆ ಖಂಬೀರ್ ಎಂದು ಹೆಸರು. ಉಪ್ಪು, ಬೆಣ್ಣೆ ಹಾಕಿ ಕಡೆದ ಗುರ್‌ಗುರ್ ಚಹಾ ಮೊದಲ ಗುಟುಕಿಗೆ ವಿಚಿತ್ರವೆನಿಸುತ್ತದೆ. ಅದನ್ನು ಚಹಾ ಎಂದುಕೊಳ್ಳದೆ ತಿಳಿಸಾರು ಎಂದುಕೊಂಡು ಕುಡಿದರೆ ರುಚಿಸುತ್ತದೆ. ಇಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಪ್ರೆಶರ್ ಕುಕ್ಕರ್ ಇಲ್ಲದೆ ಅನ್ನ ಬೇಳೆ ಬೇಯುವುದು ಬಹಳ ತಡ. ಗೋಧಿ ಹಿಟ್ಟಿನ ತುಣುಕುಗಳನ್ನು ತರಕಾರಿಯೊಂದಿಗೆ ಬೇಯಿಸುವ ಸ್ಕ್ಯು, ನೂಡಲ್ಸಿನ ತುಕ್ಪಾ ಈ ಹವೆಗೆ ಒಗ್ಗಿದ ಊಟಗಳು.

ಸೆಂಗೆ ನಮ್ಗ್ಯಾಲ್ ದೊರೆ ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಒಂಬತ್ತು ಅಂತಸ್ತಿನ ಅರಮನೆ ಊರಿನ ನೆತ್ತಿಯ ಮೇಲಿದೆ. ಮೂರನೆಯ ದಿನಕ್ಕೆ ಅದನ್ನು ಹತ್ತಬಹುದು. 1991ರಲ್ಲಿ ಪೂರ್ಣಗೊಂಡ ಶಾಂತಿ ಸ್ತೂಪಕ್ಕೆ ಐದುನೂರರಷ್ಟು ಮೆಟ್ಟಿಲುಗಳಿವೆ, ಇನ್ನೊಂದು ಕಡೆಯಿಂದ ವಾಹನ ಹೋಗುವ ರಸ್ತೆಯೂ ಇದೆ. ಸಿಂಧೂ ನದಿಯ ಗುಂಟ ಪೂರ್ವಕ್ಕೆ ಹೋದರೆ ಶೇ, ಥಿಕ್ಸೆ, ಹೇಮಿಸ್ ಗೊಂಪಾಗಳು ಸಿಗುತ್ತವೆ. ಗೊಂಪಾ ಎಂದರೆ ಬೌದ್ಧ ಮಠ. ಸ್ತೂಪ, ಮಂತ್ರ ಕೆತ್ತಿದ ಕಲ್ಲುಗಳ ಮಣಿ ಗೋಡೆಗಳನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತಬೇಕು, ನಮ್ಮ ದೇವಸ್ಥಾನದ ಪ್ರದಕ್ಷಿಣೆಯ ಹಾಗೆಯೇ. ಹಳೆಯ ಭಿತ್ತಿಚಿತ್ರಗಳ ಮುಂದೆ ಕ್ಯಾಮೆರಾದ ಫ್ಲ್ಯಾಶ್ ಬೇಡ. ಟಿಬೆಟನ್ ಬೌದ್ಧರ ಗೆಲುಗ್ ಪಂಥದ ಲಡಾಖಿ ಭಿಕ್ಷುಗಳು ಹೆಚ್ಚಿನ ಓದಿಗೆ ಬರುವುದು ಬೈಲುಕುಪ್ಪೆ, ಮುಂಡಗೋಡಿನ ಮಠಗಳಿಗೆ; ಹಾಗಾಗಿ ಥಿಕ್ಸೆಯಂಥ ಮಠದಲ್ಲಿ ಮೈಸೂರು, ಹುಬ್ಬಳ್ಳಿಯ ಬಸ್ ನಿಲ್ದಾಣ ಬಲ್ಲವರು ಎದುರಾದರೆ ಅಚ್ಚರಿಪಡಬೇಕಿಲ್ಲ.

ಊರಾಚೆಯ ಮೊದಲ ಪ್ರವಾಸ ಪಶ್ಚಿಮಕ್ಕಿರಲಿ. ಆ ದಿಕ್ಕಿನಲ್ಲಿ ಸಿಂಧೂ ಕೆಳಕ್ಕೆ ಹರಿಯುತ್ತದೆ, ದಾರಿಯೂ ಇಳಿಯುತ್ತದೆ. ನಿಮ್ಮುವಿನಲ್ಲಿ ಝನ್ಸ್ಕಾರ್ ನದಿ ಸಿಂಧೂವನ್ನು ಕೂಡುವ ಸಂಗಮ, ಮುಂದೆ ಬಾಸ್ಗೋ ಕೋಟೆ, ಸುಮಾರು ಒಂಬೈನೂರು ವರ್ಷ ಹಳೆಯ ಭಿತ್ತಿಚಿತ್ರಗಳಿರುವ ಆಲ್ಚಿ. ಆಲ್ಚಿ ಲೇಹ್‌ಗಿಂತ ಕೆಳಗಿರುವುದರಿಂದ ಅಲ್ಲಿ ರಾತ್ರಿ ಕಳೆದರೆ ಮೈಗೂ ಹಿತ.

ಜನ ಮೊದಲು ಹೆಸರಿಸುವ ಖಾರ್ದುಂಗ್‌ಲಾ, ಪಾಂಗಾಂಗ್‌ಗಳ ಸರದಿ ಇದರ ನಂತರ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಹಗಲಲ್ಲಿ ಎಷ್ಟು ಎತ್ತರ ಹತ್ತಿದರು ಎಂಬುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದರು ಎಂಬುದು ಮುಖ್ಯ. ಖಾರ್ದುಂಗ್‌ಲಾದ ನಿಜವಾದ ಎತ್ತರ ಸುಮಾರು 5,360 ಮೀಟರ್. ಅಲ್ಲಿನ ಹಳೆಯ ಫಲಕ ಸಾರುತ್ತ ಬಂದ 18,380 ಅಡಿ ಉತ್ಪ್ರೇಕ್ಷೆ, ಜಗತ್ತಿನ ಅತಿ ಎತ್ತರದ ವಾಹನ ರಸ್ತೆ ಎಂಬ ಹೆಗ್ಗಳಿಕೆಯೂ ಈಗ ಅದಕ್ಕಿಲ್ಲ. ಘಾಟಿಯಲ್ಲಿ ಹದಿನೈದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದ್ದಿಲ್ಲ. ಅದನ್ನು ದಾಟಿ ಇಳಿದರೆ ಸಿಗುವ ನುಬ್ರಾ ಕಣಿವೆಯ ದಿಸ್ಕಿತ್ ಲೇಹ್‌ಗಿಂತ ತಗ್ಗಿನಲ್ಲಿದೆ, ಹಾಗಾಗಿ ಅಲ್ಲಿ ರಾತ್ರಿ ತಂಗಲು ತೊಂದರೆಯಿಲ್ಲ. ಪಾಂಗಾಂಗ್ ಸರೋವರ ಹಾಗಲ್ಲ. ಅದರ ದಡ 4,200 ಮೀಟರ್‌ಗೂ ಮೇಲೆ, ಹತ್ತಿರದಲ್ಲಿ ದೊಡ್ಡ ಆಸ್ಪತ್ರೆಯಿಲ್ಲ. ನುಬ್ರಾ ಮುಗಿಸಿಕೊಂಡು, ಲಡಾಖಿನಲ್ಲಿ ನಾಲ್ಕೈದು ರಾತ್ರಿ ಕಳೆದ ಮೇಲೆ ಅಲ್ಲಿ ಉಳಿಯಬಹುದು. ಇನ್ನೂ ಎತ್ತರದ ಹಾನ್ಲೆ ಕೊನೆಗೆ. ಅಲ್ಲಿನ ಎರಡು ಮೀಟರ್ ವ್ಯಾಸದ ಚಂದ್ರ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವ ಕೇಂದ್ರ ಇರುವುದು ಹೊಸಕೋಟೆಯಲ್ಲಿ.

ಗಡಿಭಾಗದ ಈ ಜಾಗಗಳಿಗೆ ಹೋಗಲು ಪರಿಸರ ಶುಲ್ಕ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು, ಗುರುತಿನ ಚೀಟಿಯ ಒಂದೆರಡು ಪ್ರತಿಗಳೂ ಜೊತೆಗಿರಲಿ. ಪರವಾನಗಿಯ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರದಲ್ಲಿ ಲಡಾಖ್ ಆಡಳಿತದ ಜಾಲತಾಣ ನೋಡುವುದು ಒಳ್ಳೆಯದು. ವಿದೇಶಿ ಪಾಸ್‌ಪೋರ್ಟ್ ಇರುವ ಸಾಗರೋತ್ತರ ಕನ್ನಡಿಗರಿಗೆ ಬೇರೆಯದೇ ಪರವಾನಗಿ ಬೇಕು, ಒಸಿಐ ಕಾರ್ಡ್ ಇದ್ದರೂ ಅದು ತಪ್ಪದು. ಬೇರೆ ರಾಜ್ಯಗಳ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ. ಹಳ್ಳಿಗಳಲ್ಲಿ ಎಟಿಎಂ ನೆಚ್ಚುವಂತಿಲ್ಲ. ನಗದು ಲೇಹ್‌ನಲ್ಲೇ ತೆಗೆದುಕೊಳ್ಳಬೇಕು. ಹೊರಗಿನಿಂದ ತಂದ ಬಾಡಿಗೆ ಬೈಕು, ಕಾರುಗಳನ್ನು ನುಬ್ರಾ, ಪಾಂಗಾಂಗ್ ಕಡೆಗೆ ಸ್ಥಳೀಯ ಸಂಘಗಳು ಬಿಡುವುದಿಲ್ಲ. ಸ್ವಂತ ವಾಹನಕ್ಕೆ ಅಡ್ಡಿಯಿಲ್ಲ.

ಆಮ್ಲಜನಕ ಬಿಟ್ಟರೆ ಲೇಹ್‌ನ ಇನ್ನೊಂದು ಕೊರತೆ ನೀರು. ಊರು ಬದುಕುವುದು ಹಿಮನದಿ ಕರಗಿ ಬರುವ ತೊರೆಗಳಿಂದ, ಈಚೆಗೆ ಕೊಳವೆಬಾವಿಗಳಿಂದ. ಪ್ರವಾಸಿಗರಿಗೆ ಲಡಾಖ್ ತೆರೆದುಕೊಂಡದ್ದು 1974ರಲ್ಲಿ. ಆ ವರ್ಷ ಬಂದವರು 527 ಜನ. 2022ರಲ್ಲಿ ಬಂದವರು ಐದು ಲಕ್ಷಕ್ಕೂ ಹೆಚ್ಚು. ಲಡಾಖಿ ಮನೆಗಳ ಸಾಂಪ್ರದಾಯಿಕ ಪಾಯಿಖಾನೆಗೆ ನೀರೇ ಬೇಡ: ಮಣ್ಣು, ಬೂದಿ ಹಾಕಿ ಬಿಟ್ಟರೆ ಅದು ಹೊಲಕ್ಕೆ ಗೊಬ್ಬರವಾಗುತ್ತದೆ. ಹೋಟೆಲ್‌ಗಳ ಫ್ಲಶ್ ಮತ್ತು ಶವರ್ ಈ ಲೆಕ್ಕವನ್ನು ತಲೆಕೆಳಗು ಮಾಡಿವೆ. ಬಕೆಟ್ ಸ್ನಾನ ಇಲ್ಲಿ ಜಿಪುಣತನವಲ್ಲ. ಬಾಟಲಿ ಒಯ್ದು ತುಂಬಿಸಿಕೊಂಡರೆ ಪ್ಲಾಸ್ಟಿಕ್ ಕಸವೂ ತಪ್ಪುತ್ತದೆ. ಹಳ್ಳಿಮನೆಗಳಲ್ಲಿ ಉಳಿಯುವವರಿಗೆ ಒಂದು ಮಾತು ಕಲಿತರೆ ಸಾಕು: ಜೂಲೇ. ನಮಸ್ಕಾರಕ್ಕೂ ಅದೇ, ಧನ್ಯವಾದಕ್ಕೂ ಅದೇ, ಹೋಗಿಬರುತ್ತೇವೆ ಎನ್ನುವುದಕ್ಕೂ ಅದೇ.

ಮರಳುವ ದಿನದ ಬಗ್ಗೆಯೂ ಎಚ್ಚರ ಬೇಕು. ಬೆಟ್ಟಗಳ ನಡುವಿನ ಲೇಹ್ ವಿಮಾನ ನಿಲ್ದಾಣದಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಬಿರುಸಾಗುತ್ತದೆ. ಬಿಸಿಲೇರಿದಂತೆ ತೆಳುಗಾಳಿ ಇನ್ನಷ್ಟು ತೆಳುವಾಗಿ ವಿಮಾನ ಹೊರಬಲ್ಲ ಭಾರವೂ ಇಳಿಯುತ್ತದೆ. ಹೀಗಾಗಿ ವಿಮಾನಗಳ ಓಡಾಟ ಹೆಚ್ಚಾಗಿ ಬೆಳಗಿನದು. ಮೋಡ ಕವಿದರೆ ಅವು ರದ್ದಾಗುವುದುಂಟು. ಪಾಂಗಾಂಗ್‌ನಿಂದ ಇಳಿದ ಮರುಬೆಳಿಗ್ಗೆಯೇ ದೆಹಲಿಗೆ, ಅಲ್ಲಿಂದ ಸಂಜೆಯೇ ಬೆಂಗಳೂರಿಗೆ ಎಂದು ಬಿಗಿಯಾಗಿ ಹೆಣೆದ ಯೋಜನೆ ಒಂದು ಮೋಡಕ್ಕೆ ಕಳಚಿಬೀಳುತ್ತದೆ. ಕೊನೆಯಲ್ಲಿ ಒಂದು ದಿನವನ್ನು ಲೇಹ್‌ನಲ್ಲೇ ಖಾಲಿ ಬಿಟ್ಟುಕೊಳ್ಳಬೇಕು. ಅಷ್ಟು ಹೊತ್ತಿಗೆ ದೇಹ ಹೊಂದಿಕೊಂಡಿರುತ್ತದೆ, ಮೊದಲ ದಿನ ಕಿಟಕಿಯಿಂದಷ್ಟೇ ನೋಡಿದ್ದ ಅರಮನೆಯ ಹಿಂದಿನ ದಿಬ್ಬವನ್ನು ನಡೆದೇ ಹತ್ತಬಹುದು.