ಈಗ ನಾನು ಕೇಳ್ತಿರೋ ಆಲ್ಬಮ್‌ಗಳು

ಈ ನಡುವೆ ಬಿಟ್ಟೂ ಬಿಡದೆ ಕೇಳ್ತಿರೋದು 1967ರ ‘ಕಾಲ್ ಆಫ್ ದಿ ವ್ಯಾಲಿ’. ಕಾಶ್ಮೀರದ ಕಣಿವೆ, ಅಲ್ಲೊಬ್ಬ ಕುರಿಗಾಹಿ, ಅವನ ಒಂದು ದಿನ. ಕಥೆ ಇಷ್ಟೇ. ಹಾಡಿಲ್ಲ, ಮಾತಿಲ್ಲ. ಬೆಳಗಾಗೋದು ಆಹಿರ್ ಭೈರವ ರಾಗದಲ್ಲಿ, ಸಂಜೆಗೆ ಭೂಪ್, ರಾತ್ರಿಗೆ ದೇಸ್.

ಸಂತೂರ್ ಶಿವಕುಮಾರ ಶರ್ಮಾ, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರ್ ಬ್ರಿಜ್‌ಭೂಷಣ್ ಕಾಬ್ರಾ. ಮೂವರಿಗೂ ಆಗ ಮೂವತ್ತರ ಆಸುಪಾಸು!

ಸಂತೂರ್ ಮೇಲೆ ಪಂಡಿತರ ತಕರಾರು ಗೊತ್ತಲ್ಲ: ಕೋಲಿನಿಂದ ತಂತಿ ಬಡಿಯೋ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರೋ ಮೀಂಡ್ ಎಲ್ಲಿ ಬರುತ್ತೆ? ಇಲ್ಲಿ ಕಿವಿಗೊಟ್ಟು ಕೇಳಿ. ಸಂತೂರ್ ಹನಿಹನಿಯಾಗಿ ಸ್ವರ ಉದುರಿಸುತ್ತೆ, ಜಾರೋ ಕೆಲಸ ಕೊಳಲು, ಗಿಟಾರಿಗೆ. ಕಾಬ್ರಾ ತಂತಿ ಮೇಲೆ ಬಾರ್ ಜಾರಿಸುವಾಗ ಅದು ಗಿಟಾರ್ ಅನ್ನೋದೇ ಮರೆತುಹೋಗುತ್ತೆ. ನನ್ನ ಮಟ್ಟಿಗೆ ಈ ಆಲ್ಬಮ್‌ನ ನಿಜವಾದ ಹೀರೋ ಅವರೇ. ಹೆಸರು ಮಾತ್ರ ಉಳಿದಿಬ್ಬರಷ್ಟು ಓಡಲಿಲ್ಲ.

ಎರಡನೇದು, 1978ರ ‘ನಿತ್ಯೋತ್ಸವ’. ನಿಸಾರ್ ಅಹಮದ್ ಕವಿತೆ, ಮೈಸೂರು ಅನಂತಸ್ವಾಮಿ ಸಂಗೀತ. ಕನ್ನಡ ಭಾವಗೀತೆ ಕ್ಯಾಸೆಟ್ ಏರಿ ಮನೆಮನೆಗೆ ಹೊರಟಿದ್ದು ಇಲ್ಲಿಂದ. ವಾದ್ಯಗಳ ಗದ್ದಲ ಕಡಿಮೆ, ಪ್ರತಿ ಅಕ್ಷರ ಸ್ಪಷ್ಟ.

ಕೊನೆಗೆ, ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್, ‘ಕೈಂಡ್ ಆಫ್ ಬ್ಲೂ’, 1959. ಒಂದು ತಮಾಷೆ ಹೇಳ್ತೀನಿ. ರೆಕಾರ್ಡ್ ಮಾಡಿದ ಟೇಪ್ ಯಂತ್ರ ಸ್ವಲ್ಪ ನಿಧಾನಕ್ಕೆ ಓಡಿತ್ತು. ಹಾಗಾಗಿ ಸರಿಯಾದ ವೇಗದಲ್ಲಿ ಹಾಕಿದಾಗ ಮೊದಲ ಮಗ್ಗುಲಿನ ಮೂರೂ ಟ್ರ್ಯಾಕ್ ದಶಕಗಟ್ಟಲೆ ಶ್ರುತಿ ತುಸು ಏರಿಯೇ ಕೇಳಿಸ್ತಿತ್ತು! ಸರಿಯಾಗಿದ್ದು 1990ರ ದಶಕದಲ್ಲಿ. ಮನೇಲಿ ಹಳೇ ಎಲ್‌ಪಿ ಇದ್ರೆ ಅದನ್ನೂ ಸರಿಪಡಿಸಿದ ಆವೃತ್ತಿಯನ್ನೂ ಒಟ್ಟಿಗೆ ಹಾಕಿ ನೋಡಿ.